ಗಂಜಿಕೊಪ್ಪಲಿನ ಮೂರು ಕಾಲಿನ ಕುರಿಮರಿ

ನಾನು ಒಂದು ಇಕ್ಕಳ. ಇಕ್ಕಳ ಎಂದ ಕೂಡಲೇ ಒಲೆಯ ಮೇಲಿನ ಹಾಲಿನ ಪಾತ್ರೆ ಇಳಿಸುವ ಗಿಡ್ಡ ಇಕ್ಕಳ ಎಂದುಕೊಳ್ಳಬೇಡಿ. ನನ್ನ ಕೈಗಳು ಒಂದು ಗಜದಷ್ಟು ಉದ್ದ. ಆ ಕೈಗಳ ತುದಿಯಲ್ಲಿ ಅಂಗೈಯಗಲದ ಎರಡು ಕಬ್ಬಿಣದ ಬಿಲ್ಲೆಗಳಿವೆ. ಒಂದರ ಮೇಲೊಂದು ಮುಚ್ಚಿಕೊಂಡರೆ ತುಟಿ ಬಿಗಿದ ಬಾಯಿ. ಚರ್ಚಿನಲ್ಲಿ ಪೂಜೆಗೆ ಬೇಕಾದ ತೆಳ್ಳನೆಯ ಬಿಳಿ ರೊಟ್ಟಿ ಇದೆಯಲ್ಲ, ನಮ್ಮ ಜನ ಓಸ್ತಿ ಅನ್ನುತ್ತಾರೆ, ಅದನ್ನು ಸುಡುವುದು ನನ್ನ ಕಸುಬು. ಕಸುಬಾಗಿತ್ತು ಅನ್ನಬೇಕು. ನನಗೆ ಬಾಯುಂಟು, ತುಟಿಯುಂಟು, ನಾಲಗೆಯೊಂದಿಲ್ಲ. ನಾಲಗೆ ಇದ್ದಿದ್ದರೆ ಒಬ್ಬ ಹೆಂಗಸಿನ ನಲವತ್ತೊಂದು ವರ್ಷಗಳ ಸಂಕಟವನ್ನು ಒಂದೇ ಮಾತಿನಲ್ಲಿ ಇಳಿಸಿಬಿಡುತ್ತಿದ್ದೆ.

ನಾನು ಹುಟ್ಟಿದ್ದು ಫ್ರಾನ್ಸ್ ದೇಶದ ಒಂದು ಬೆಟ್ಟದೂರಿನ ಕುಲುಮೆಯಲ್ಲಿ. ಕಮ್ಮಾರ ಒಳ್ಳೆಯವನೇ. ಆದರೆ ನನ್ನ ಬಿಲ್ಲೆಗಳ ಮೇಲೆ ಚಿತ್ತಾರ ಕೆತ್ತಿದವನು ಮಧ್ಯಾಹ್ನದ ಹೊತ್ತಿಗೇ ದ್ರಾಕ್ಷಾರಸ ಏರಿಸುವ ಗಿರಾಕಿ. ಒಂದು ಬಿಲ್ಲೆಗೆ ನಾಲ್ಕು ಶಿಲುಬೆ, ಇನ್ನೊಂದಕ್ಕೆ ನಾಲ್ಕು ಕುರಿಮರಿ ಕೆತ್ತಬೇಕಿತ್ತು. ಶಿಲುಬೆಗಳು ನೆಟ್ಟಗೆ ಬಂದವು. ಕುರಿಮರಿಗಳಲ್ಲಿ ಮೂರು ಚೆನ್ನಾಗಿಯೇ ಬಂದವು. ನಾಲ್ಕನೆಯದಕ್ಕೆ ಮೂರೇ ಕಾಲು ಕೆತ್ತಿ ಅವನು ಎದ್ದು ಹೋದ. ಕಮ್ಮಾರ ನನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದನ್ನು ನಮ್ಮೂರ ಚರ್ಚಿಗೆ ಕೊಟ್ಟರೆ ಜನ ಆಡಿಕೊಳ್ಳುತ್ತಾರೆ, ದೂರ ದೇಶಕ್ಕೆ ಹೊರಟವರಿಗೆ ಕೊಟ್ಟರಾಯಿತು ಅಂದ. ಹಾಗೆ ನಾನು ಮೊರೆಲ್ ಎಂಬ ಎಳೆಯ ಪಾದ್ರಿಯ ಪೆಟ್ಟಿಗೆ ಸೇರಿದೆ. ಕುಂಟ ಕುರಿಯ ದೆಸೆಯಿಂದ ಸಮುದ್ರ ದಾಟಿದವನು ನಾನು.

ಮೊರೆಲ್ ಸ್ವಾಮಿಗಳು ಮೈಸೂರು ಸೀಮೆಗೆ ಬಂದದ್ದು ಧಾತು ವರ್ಷದ ದೊಡ್ಡ ಬರದಲ್ಲಿ. ಅವರ ಜೊತೆ ಅವರ ಊರಿನವರೇ ಇಬ್ಬರು ಬಂದಿದ್ದರು, ಒಬ್ಬ ಗಾರೆಯವ, ಇನ್ನೊಬ್ಬ ತೋಟಗಾರ. ಮೂವರೂ ಒಂದು ಬತ್ತಿದ ಕೆರೆಯ ಏರಿಯ ಮೇಲೆ ಎರಡು ಕೊಪ್ಪರಿಗೆ ಹೂಡಿ ಗಂಜಿ ಕಾಯಿಸಲು ಕೂತರು. ಎಲ್ಲೆಲ್ಲಿಂದಲೋ ಜನ ಬಂದರು. ಬದುಕಿದವರು ಅಲ್ಲೇ ಗುಡಿಸಲು ಹಾಕಿಕೊಂಡರು. ದಿಕ್ಕಿಲ್ಲದ ಮಕ್ಕಳು ಸ್ವಾಮಿಗಳ ಮಕ್ಕಳಾದರು. ಕಾಗದದಲ್ಲಿ ಆ ಜಾಗಕ್ಕೆ ಸಂತ ಸೂಸೆಯಪ್ಪರ ಪುರ ಎಂದು ಹೆಸರಿಟ್ಟರು. ಜನ ಮಾತ್ರ ಗಂಜಿಕೊಪ್ಪಲು ಎಂದೇ ಕರೆದರು, ಇವತ್ತಿಗೂ ಬಸ್ಸಿನವರು ಹಾಗೆಯೇ ಕೂಗುತ್ತಾರೆ.

ಚರ್ಚು ಅಂದರೆ ಆಗ ಒಂದು ತೆಂಗಿನ ಗರಿಯ ಚಪ್ಪರ. ಅದರ ಹಿಂದೆ ಮೂರು ಕಲ್ಲಿನ ಒಲೆ. ಸ್ವಾಮಿಗಳು ತಾವೇ ಹಿಟ್ಟು ಕಲಸಿ, ತಾವೇ ನನ್ನನ್ನು ಬೆಂಕಿಗೆ ಹಿಡಿಯುತ್ತಿದ್ದರು. ಒಂದು ಸಲ ಸುಟ್ಟರೆ ಅಂಗೈಯಗಲದ ಹಾಳೆ. ಅದರಿಂದ ತಗಡಿನ ಬಳೆಯಲ್ಲಿ ನಾಲ್ಕು ಗುಂಡು ಓಸ್ತಿ ಒತ್ತಿ ತೆಗೆದರೆ ಸುತ್ತಲಿನ ಅಂಚು ಉಳಿಯುತ್ತದೆ. ಅದಿನ್ನೂ ಪೂಜೆಗೆ ಹೋಗಿರುವುದಿಲ್ಲ, ಯಾರು ಬೇಕಾದರೂ ತಿನ್ನಬಹುದು. ಆ ಅಂಚಿಗಾಗಿ ಮಕ್ಕಳು ಸಾಲು ಕಟ್ಟುತ್ತಿದ್ದರು.

ಒಂದು ಬೆಳಿಗ್ಗೆ ಆ ಸಾಲಿಗೆ ಒಂಬತ್ತು ವರ್ಷದ ಒಂದು ಹೆಣ್ಣುಮಗು ಬಂದು ಸೇರಿತು. ತನ್ನ ಪಾಲಿನ ಅಂಚನ್ನು ಬಾಯಿಗೆ ಹಾಕಿಕೊಳ್ಳದೆ ಮುಷ್ಟಿಯಲ್ಲಿ ಮುಚ್ಚಿಕೊಂಡು ಓಡಿತು. ಏರಿಯ ಆಚೆ ಹೊಂಗೆ ಮರದ ಕೆಳಗೆ ಅವಳ ತಮ್ಮ ಮಲಗಿದ್ದ. ಸ್ವಾಮಿಗಳು ನನ್ನನ್ನು ಕೈಯಲ್ಲಿ ಹಿಡಿದುಕೊಂಡೇ ಅವಳ ಹಿಂದೆ ಹೋದರು, ಹಾಗಾಗಿ ನಾನೂ ನೋಡಿದೆ. ಹುಡುಗ ಆಗಲೇ ಹೋಗಿಬಿಟ್ಟಿದ್ದ. ಅವಳು ಅವನ ತುಟಿ ಬಿಡಿಸಿ ಅಂಚಿನ ಚೂರುಗಳನ್ನು ಒಂದೊಂದಾಗಿ ಒಳಗಿಡುತ್ತಿದ್ದಳು. ಸ್ವಾಮಿಗಳು ಅವಳ ಕೈ ಹಿಡಿದಾಗ ಅವಳು ಅಳಲಿಲ್ಲ.

"ಬರಿಬಾಯಲ್ಲಿ ಹೋಗ್ಬುಟ್ಟ," ಅಂದಳು ಅಷ್ಟೇ.

ಅವಳಿಗೆ ಮದಲೇನಮ್ಮ ಎಂದು ಹೆಸರಿಟ್ಟರು. ಮೊದಲು ಏನು ಹೆಸರಿತ್ತೋ, ಅವಳು ಹೇಳಲಿಲ್ಲ. ಹನ್ನೆರಡನೆಯ ವಯಸ್ಸಿಗೆ ಸ್ವಾಮಿಗಳು ನನ್ನನ್ನು ಅವಳ ಕೈಗೆ ಕೊಟ್ಟರು. ಕೊಡುವಾಗ ಕಟ್ಟಳೆಗಳನ್ನೂ ಕೊಟ್ಟರು. ಗೋಧಿ ಹಿಟ್ಟು, ನೀರು, ಅಷ್ಟೇ. ಉಪ್ಪಿಲ್ಲ, ಹುಳಿಯಿಲ್ಲ, ಬೇರೆ ಯಾವ ಕಾಳಿನ ಹಿಟ್ಟೂ ಸೇರಬಾರದು. ಸೇರಿದರೆ ಪೂಜೆಯಲ್ಲಿ ಎಷ್ಟೇ ಮಂತ್ರ ಹೇಳಿದರೂ ಅದು ಬರೀ ರೊಟ್ಟಿ, ಅದರಲ್ಲಿ ದೇವರು ಇಳಿಯುವುದಿಲ್ಲ ಎಂದು ಗಟ್ಟಿಯಾಗಿ ಹೇಳಿದರು. ಸುಡುವವಳು ಖಾಲಿ ಹೊಟ್ಟೆಯಲ್ಲಿರಬೇಕು, ತಲೆಗೆ ಸೆರಗು ಹೊದೆಯಬೇಕು, ಮಾತಾಡಬಾರದು. ಒಂದು ನಮೋ ಮರಿಯಾ ಜಪ ಹೇಳುವಷ್ಟು ಹೊತ್ತು ಒಂದು ಮಗ್ಗುಲು, ಇನ್ನೊಂದು ಹೇಳುವಷ್ಟು ಹೊತ್ತು ಇನ್ನೊಂದು ಮಗ್ಗುಲು. ಜಪ ಅವಸರ ಮಾಡಿದರೆ ಓಸ್ತಿ ಹಸಿ, ಎಳೆದರೆ ಕಪ್ಪು.

ಒಂದು ಕಟ್ಟಳೆಯನ್ನು ಅವಳೇ ಸೇರಿಸಿಕೊಂಡಳು. ಮೂರು ಕಾಲಿನ ಕುರಿಮರಿಯ ಓಸ್ತಿಗಳನ್ನು ಬೇರೆ ಡಬ್ಬಿಯಲ್ಲಿ ಇಡುತ್ತಿದ್ದಳು. ಅವು ಕಾಯಿಲೆಯವರಿಗೆ, ಸಾಯುವವರಿಗೆ. ಕುಂಟನ ಕಷ್ಟ ಕುಂಟನಿಗೇ ಗೊತ್ತು ಎನ್ನುವುದು ಅವಳ ಲೆಕ್ಕಾಚಾರ. ಮೊರೆಲ್ ಸ್ವಾಮಿಗಳು ಮೊದಲು ನಕ್ಕರು, ಆಮೇಲೆ ತಾವೇ ಆ ಡಬ್ಬಿಯನ್ನು ಕೇಳಿ ತೆಗೆದುಕೊಂಡು ಹೋಗತೊಡಗಿದರು. ಕೊಪ್ಪಲಿನಲ್ಲಿ ಯಾರಾದರೂ ಹಾಸಿಗೆ ಹಿಡಿದರೆ, "ಕುಂಟುಮರಿ ಬಂತಾ?" ಎಂದು ಕೇಳುವ ಪದ್ಧತಿಯೇ ಬಂತು.

ಚಪ್ಪರ ಇದ್ದ ಕಡೆ ಚರ್ಚು ಎದ್ದಿತು. ಫ್ರೆಂಚ್ ಗಾರೆಯವ ಕಮಾನು ಎತ್ತಿದ. ಬರದಲ್ಲಿ ಉಳಿದ ಮಕ್ಕಳೇ ಇಟ್ಟಿಗೆ ಹೊತ್ತರು. ಬೆಲ್ಲ, ಸುಣ್ಣ, ಮೊಟ್ಟೆ ಅರೆದ ಗಾರೆ ಅದು, ಇವತ್ತಿಗೂ ಮೊಳೆ ಹೊಡೆದರೆ ಮೊಳೆ ಸೊಟ್ಟಗಾಗುತ್ತದೆ. ಆ ಮಕ್ಕಳಲ್ಲೇ ಒಬ್ಬ ಚೌರಪ್ಪ, ಮರಗೆಲಸ ಕಲಿತವನು. ಚರ್ಚಿನ ಬಾಗಿಲು ಮಾಡಿದ, ಬಾಗಿಲು ಮುಗಿದ ವರ್ಷವೇ ಮದಲೇನಮ್ಮನನ್ನು ಮದುವೆಯಾದ. ಚರ್ಚಿನ ಹಿಂದಿನ ಅವರ ಮನೆಗೆ ಓಸ್ತಿ ಮನೆ ಎಂದು ಹೆಸರಾಯಿತು. ಬಂದ ಮೂವರು ಫ್ರೆಂಚರೂ ಊರಿಗೆ ಹಿಂತಿರುಗಲಿಲ್ಲ. ಒಬ್ಬೊಬ್ಬರಾಗಿ ಚರ್ಚಿನ ಹಿಂದೆ ಮಣ್ಣಾದರು. ಮೂವರ ಬಾಯಿಗೂ ಕೊನೆಯಲ್ಲಿ ಬಿದ್ದದ್ದು ಮದಲೇನಮ್ಮ ಸುಟ್ಟ ಕುಂಟುಮರಿಯೇ.

ಈಗ ಹೇಳುವುದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಹೇಳಲು ನಾಲಗೆಯಿಲ್ಲ, ಅದು ಬೇರೆ ಮಾತು.

ಜರ್ಮನಿಯ ಮೊದಲನೆಯ ಯುದ್ಧ ಮುಗಿಯುವ ವರ್ಷ ಒಂದು ಜ್ವರ ಬಂತು. ಬೆಳಿಗ್ಗೆ ಹೂತು ಬಂದವರನ್ನು ಸಂಜೆ ಹೂಳುವಂತಹ ಜ್ವರ. ಕೊಪ್ಪಲಿನ ಕೆರೆ ಬಯಲಿನಲ್ಲಿ ಬತ್ತ ಬೆಳೆಯುತ್ತಿತ್ತು, ಗೋಧಿ ಮಾತ್ರ ಪೇಟೆಯಿಂದ ಬರಬೇಕು. ಪೇಟೆಯ ದಾರಿ ಮುಚ್ಚಿತ್ತು, ಗಾಡಿ ಹೊಡೆಯುವವರೇ ಮಲಗಿದ್ದರು. ಆಗಿದ್ದ ಸ್ವಾಮಿಗಳು ಮನೆಯಿಂದ ಮನೆಗೆ ಪೂಜೆಯಾದ ಓಸ್ತಿಯ ಪ್ರಸಾದ ಹೊತ್ತು ಓಡಾಡುತ್ತಿದ್ದರು. ಮದಲೇನಮ್ಮನ ಡಬ್ಬಿಯಲ್ಲಿ ಒಂದು ಹಿಡಿ ಗೋಧಿ ಹಿಟ್ಟು ಉಳಿದಿತ್ತು. ಒಳಗೆ ಚೌರಪ್ಪ ಜ್ವರದಲ್ಲಿ ಬಡಬಡಿಸುತ್ತಿದ್ದ.

ಅವಳು ಒಲೆಯ ಮುಂದೆ ಕೂತಿದ್ದಳು. ಆಮೇಲೆ ಎದ್ದು ಅಕ್ಕಿ ಬೀಸಿದಳು. ಒಂದು ಹಿಡಿ ಗೋಧಿಗೆ ಮೂರು ಹಿಡಿ ಅಕ್ಕಿ ಹಿಟ್ಟು ಸೇರಿಸಿ ಕಲಸಿದಳು. ಸುಡುವಾಗ ಮಾತಾಡಬಾರದು ಎಂಬ ಕಟ್ಟಳೆಯನ್ನು ನಲವತ್ತು ವರ್ಷಗಳಲ್ಲಿ ಮೊದಲ ಸಲ ಮುರಿದಳು, ನನ್ನ ಜೊತೆ ಮಾತಾಡಿದಳು.

"ಗೊತ್ತು ಕಣಪ್ಪ, ಇದು ಆಗಾಕಿಲ್ಲ ಅಂತ ನಂಗೊತ್ತು," ಅಂದಳು. "ಆದ್ರೆ ಬರಿಬಾಯಲ್ಲಿ ಕಳ್ಸಾಕಾಯ್ತದಾ?"

ಆ ಓಸ್ತಿಗಳು ಪೂಜೆಗೆ ಹೋದವು. ಜನರ ಬಾಯಿಗೆ ಬಿದ್ದವು. ಚೌರಪ್ಪನ ಬಾಯಿಗೂ ಬಿತ್ತು. ಅವನು ಪ್ರಸಾದ ಸಿಕ್ಕಿತೆಂಬ ನೆಮ್ಮದಿಯಲ್ಲಿ ಕಣ್ಣು ಮುಚ್ಚಿದ. ಗಂಡನಿಗೆ ಕೊನೆಗಳಿಗೆಯಲ್ಲಿ ತಾನು ಕೊಟ್ಟದ್ದು ದೇವರನ್ನೋ, ಬರೀ ಅಕ್ಕಿಯನ್ನೋ ಎಂಬ ಪ್ರಶ್ನೆಯನ್ನು ಮದಲೇನಮ್ಮ ಒಬ್ಬಳೇ ಹೊತ್ತಳು. ನಾನು ಕಂಡ ಹಾಗೆ ಅವಳು ಯಾರ ಮುಂದೆಯೂ ಅದನ್ನು ಇಳಿಸಲಿಲ್ಲ.

ನಾಲ್ಕು ವರ್ಷ ಕಳೆದ ಮೇಲೆ ಮಗ ಯಾಗಪ್ಪನಿಗೆ ಮದುವೆಯಾಗಿ ರೆಜಿನಮ್ಮ ಮನೆಗೆ ಬಂದಳು. ಹತ್ತೊಂಬತ್ತರ ಹುಡುಗಿ, ಮಾತು ಜಾಸ್ತಿ, ಕೈ ಬಿರುಸು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಊರಿನವರು ತಮಾಷೆ ನೋಡಲು ಕಾದಿದ್ದರು. ಅವರಿಗೆ ನಿರಾಸೆಯಾಯಿತು. ಮದಲೇನಮ್ಮ ಸೊಸೆಯನ್ನು ಒಲೆಯ ಮುಂದೆ ಕೂರಿಸಿಕೊಂಡು ಸುಡುವುದನ್ನು ಕಲಿಸಿದಳು. ಮಾತಾಡುವಂತಿಲ್ಲವಲ್ಲ, ಹಿಂದಿನಿಂದ ಕೈ ಚಾಚಿ ಸೊಸೆಯ ಮಣಿಕಟ್ಟನ್ನು ಹಿಡಿದುಕೊಂಡು ನನ್ನನ್ನು ತಿರುಗಿಸುತ್ತಿದ್ದಳು. ಹಾಳೆ ಚೆನ್ನಾಗಿ ಬಿಟ್ಟುಕೊಂಡು ಬಂದರೆ ಆ ಮಣಿಕಟ್ಟನ್ನು ಕೂಡಲೇ ಬಿಡುತ್ತಿರಲಿಲ್ಲ. ಒಂದು ಗಳಿಗೆ ಹಾಗೇ ಹಿಡಿದಿರುತ್ತಿದ್ದಳು. ಅವಳ ಹೊಗಳಿಕೆ ಅಷ್ಟೇ. ಬಿಸಿ ಕೈಗಳ ನಡುವೆ ಇದ್ದವನು ನಾನು, ನನಗೆ ಅದು ಗೊತ್ತಾಗುತ್ತಿತ್ತು. ರೆಜಿನಮ್ಮನಿಗೆ ಗೊತ್ತಾಗುತ್ತಿತ್ತೋ ಇಲ್ಲವೋ, ಅವಳ ಕಣ್ಣು ಯಾವಾಗಲೂ ಬೆಂಕಿಯ ಮೇಲಿರುತ್ತಿತ್ತು.

ಇಪ್ಪತ್ತು ವರ್ಷ ಅವರಿಬ್ಬರ ಕೈಯಲ್ಲಿ ಬಾಳಿದೆ. ನನ್ನ ಒಳ್ಳೆಯ ದಿನಗಳು ಅವು. ಶನಿವಾರ ಬೆಳಿಗ್ಗೆ ಹೊಗೆ ಎದ್ದರೆ ಸಾಕು, ಅಂಚು ತಿನ್ನಲು ಮಕ್ಕಳು ಹಿತ್ತಿಲ ಬೇಲಿಯ ಮೇಲೆ ಕೂತಿರುತ್ತಿದ್ದವು. ಮದಲೇನಮ್ಮನ ಕಣ್ಣು ಮಂಜಾಯಿತು, ಆಮೇಲೆ ಪೂರ್ತಿ ಹೋಯಿತು. ಆದರೂ ಒಲೆಯ ಪಕ್ಕ ಕೂತು ಒಂದು ಅಂಚನ್ನು ನಾಲಗೆಗೆ ಹಾಕಿಕೊಂಡು ನೀರು ಹೆಚ್ಚಾಯಿತು, ಹಿಟ್ಟು ದಪ್ಪವಾಯಿತು ಎಂದು ಹೇಳುತ್ತಿದ್ದಳು. ಅವಳ ನಾಲಗೆಗೆ ಮೋಸ ಮಾಡುವುದು ಸಾಧ್ಯವಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಎರಡನೆಯ ಯುದ್ಧ ಬಂತು. ಎಲ್ಲಕ್ಕೂ ರೇಷನ್ನಾಯಿತು. ಪೇಟೆಗೆ ಬರುತ್ತಿದ್ದ ಗೋಧಿ ನಿಂತೇಹೋಯಿತು. ಮದಲೇನಮ್ಮ ಎಪ್ಪತ್ತೈದು ದಾಟಿ ಹಾಸಿಗೆ ಹಿಡಿದಿದ್ದಳು. ಉಪವಾಸದ ತಪಸ್ಸುಕಾಲದ ಕೊನೆಯ ವಾರಗಳು, ಯೇಸು ಮತ್ತೆ ಎದ್ದ ಪಾಸ್ಕ ಹಬ್ಬ ಹತ್ತಿರ. ಸುತ್ತಲ ಹಳ್ಳಿಗಳಿಂದೆಲ್ಲ ಜನ ಬಂದು ಪ್ರಸಾದ ತೆಗೆದುಕೊಳ್ಳುವ ಕಾಲ ಅದು. ಆಗ ಚರ್ಚಿನಲ್ಲಿದ್ದವರು ಇನ್ನಾಸಪ್ಪ ಸ್ವಾಮಿಗಳು, ಗಂಜಿಕೊಪ್ಪಲಿಗೆ ಬಂದ ಮೊದಲ ಕನ್ನಡದ ಪಾದ್ರಿ. ಶಿಸ್ತಿನವರು, ಒಳ್ಳೆಯವರು. ಗೋಧಿ ಇಲ್ಲವೆಂದರೆ ಅವರು ಪಟ್ಟಣದ ಕನ್ಯಾಸ್ತ್ರೀಯರ ಮಠದಿಂದ ಓಸ್ತಿ ತರಿಸುತ್ತಿದ್ದರು, ಅಷ್ಟೇ. ರೆಜಿನಮ್ಮ ಹೇಳಲಿಲ್ಲ. ಹೇಳಿದರೆ ಒಲೆ ಆರುತ್ತದೆ, ಒಮ್ಮೆ ಮಠಕ್ಕೆ ಹೋದ ಕೆಲಸ ಮನೆಗೆ ಮರಳುವುದಿಲ್ಲ ಎಂದು ಅವಳಿಗೆ ತಿಳಿದಿತ್ತು. ಅರವತ್ತು ವರ್ಷ ಇದೇ ಹೊಗೆಯಲ್ಲಿ ಬದುಕಿದ ಅತ್ತೆಗೆ, ಶನಿವಾರ ಬೆಳಿಗ್ಗೆ ಈ ಮನೆಯಲ್ಲಿ ಹೊಗೆ ಏಳಲಿಲ್ಲ ಎಂದು ತಿಳಿದು ಸಾಯುವ ಹಾಗಾಗಬಾರದು ಎಂಬುದು ಅವಳ ಹಟ.

ಹೀಗೆ ಅತ್ತೆಗಾಗಿ ಅವಳು ಅಕ್ಕಿ ಬೀಸಿದಳು. ಡಬ್ಬಿಯಲ್ಲಿ ಉಳಿದಿದ್ದ ಗೋಧಿ ಒಂದು ಪಾಲಾದರೆ ಅಕ್ಕಿ ಮೂರು ಪಾಲು. ಇಪ್ಪತ್ತೈದು ವರ್ಷದ ಹಿಂದೆ ಅದೇ ಒಲೆಯ ಮುಂದೆ ಅದೇ ಅಳತೆ ಬಿದ್ದಿತ್ತೆಂದು ಅವಳಿಗೇನು ಗೊತ್ತು? ನನ್ನ ತುಟಿಗಳ ನಡುವೆ ಆ ಹಿಟ್ಟು ಬಿದ್ದಾಗ ನಾನು ಸಿಡಿದೆ. ಅವಳು ಹಾಳೆ ಅಂಟದಿರಲು ಸವರುವ ಜೇನುಮೇಣ ಕಡಿಮೆಯಾಯಿತೆಂದುಕೊಂಡು ಇನ್ನಷ್ಟು ಸವರಿದಳು. ಅವತ್ತಿನಿಂದ ಅಂಚನ್ನು ಅತ್ತೆಯ ಬಾಯಿಗೆ ಕೊಡಲಿಲ್ಲ. ಮೈ ಚೆನ್ನಾಗಿಲ್ಲ, ಒಣ ತಿಂಡಿ ಬೇಡ ಎಂದು ಏನೋ ನೆಪ ಹೇಳಿದಳು.

ಮೂರು ವಾರ ಹಾಗೆ ನಡೆಯಿತು. ಪಾಸ್ಕದ ಹಿಂದಿನ ಪವಿತ್ರ ವಾರದ ಬುಧವಾರ ಬೆಳಿಗ್ಗೆ ಮದಲೇನಮ್ಮನಿಗೆ ಉಸಿರು ಮೇಲಾಯಿತು. ಯಾಗಪ್ಪ ಓಡಿಹೋಗಿ ಸ್ವಾಮಿಗಳನ್ನು ಕರೆತಂದ. ಅವರು ಬೆಳ್ಳಿಯ ಡಬ್ಬಿ ತೆರೆದು ಮೂರು ಕಾಲಿನ ಕುರಿಮರಿಯ ಓಸ್ತಿ ತೆಗೆದರು. ರೆಜಿನಮ್ಮ ಹಾಸಿಗೆಯ ಪಕ್ಕದಲ್ಲಿ ಮಂಡಿಯೂರಿದ್ದಳು. ಬೇಡ ಎಂದು ಹೇಳಲು ಅವಳು ಬಾಯಿ ತೆರೆದದ್ದನ್ನು ಗೋಡೆಗೆ ಒರಗಿದ್ದ ನಾನು ನೋಡಿದೆ. ಮಾತು ಹೊರಗೆ ಬರಲಿಲ್ಲ. ಅಷ್ಟರಲ್ಲಿ ಓಸ್ತಿ ಮುದುಕಿಯ ನಾಲಗೆಯ ಮೇಲಿತ್ತು.

ಮದಲೇನಮ್ಮನ ದವಡೆ ನಿಂತಿತು. ಕುರುಡು ಕಣ್ಣುಗಳು ತೆರೆದವು. ಅವಳಿಗೆ ಗೊತ್ತಾಯಿತು. ಓಸ್ತಿ ನುಂಗಿದಳು. ಆಮೇಲೆ ಕೈ ತಡಕಾಡಿ ಸೊಸೆಯ ಮಣಿಕಟ್ಟನ್ನು ಹುಡುಕಿ ಹಿಡಿದುಕೊಂಡಳು. ಬಿಡಲಿಲ್ಲ. ಮಾತು ನಿಂತು ಎರಡು ದಿನವಾಗಿತ್ತು, ಹೇಳಲು ಅವಳಲ್ಲಿ ಉಳಿದಿದ್ದದ್ದು ಆ ಕೈಯೊಂದೇ. ಹಿಡಿದ ಕೈ ಹಿಡಿದಂತೆಯೇ ಮಧ್ಯಾಹ್ನದ ಹೊತ್ತಿಗೆ ಪ್ರಾಣ ಹೋಯಿತು. ಬೆರಳುಗಳನ್ನು ಯಾಗಪ್ಪ ಒಂದೊಂದಾಗಿ ಬಿಡಿಸಬೇಕಾಯಿತು.

ಕಳ್ಳಿಯನ್ನು ಹಿಡಿಯುವ ಹಾಗೆ ಅತ್ತೆ ತನ್ನನ್ನು ಹಿಡಿದರು ಎಂದುಕೊಂಡಳು ರೆಜಿನಮ್ಮ.

ಅಯ್ಯೋ, ಅದು ಹಾಗಲ್ಲ ತಾಯಿ ಎಂದು ಕೂಗಿಕೊಳ್ಳಬೇಕೆನಿಸಿತು ನನಗೆ. ನಿಮ್ಮತ್ತೆ ಗಂಡನಿಗೆ ಕೊಟ್ಟಿದ್ದೂ ಇದೇ ಅಕ್ಕಿ. ಅವನ ಪಾಲಿಗೆ ಬಂದದ್ದೇ ತನ್ನ ಪಾಲಿಗೂ ಬಂತೆಂದು ಆಕೆಗೆ ಸಮಾಧಾನವಾಯಿತು. ಆ ಹಿಡಿತ ಒಲೆಯ ಮುಂದಿನ ಹಿಡಿತ. ಹೀಗೆಲ್ಲ ಹೇಳಬೇಕೆನಿಸಿತು. ಕಬ್ಬಿಣ ಹೇಗೆ ಹೇಳುತ್ತದೆ? ಗೋಡೆಗೆ ಒರಗಿದ್ದೆ, ಹಾಗೇ ಒರಗಿದ್ದೆ.

ಮಣ್ಣು ಮಾಡಿ ಬಂದ ಮರುದಿನವೇ ರೆಜಿನಮ್ಮ ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಇನ್ನಾಸಪ್ಪ ಸ್ವಾಮಿಗಳ ಬಂಗಲೆಯ ಜಗುಲಿಗೆ ಹೋಗಿ, ಅವರ ಕಾಲ ಬಳಿ ಇಟ್ಟಳು.

"ತಪ್ಪಾಗೋಯ್ತು ಸ್ವಾಮಿ. ಮೂರು ವಾರದಿಂದ ಅಕ್ಕಿ ಹಿಟ್ಟು ಕಲಸಿ ಸುಟ್ಟಿವ್ನಿ," ಅಂದಳು.

ಸ್ವಾಮಿಗಳು ನನ್ನನ್ನು ಎತ್ತಿ ಬಾಯಿ ಬಿಡಿಸಿ ನೋಡಿದರು. ಅಳತೆ ಕೇಳಿದರು, ಹೇಳಿದಳು. ಅವರ ಮುಖದ ಬಣ್ಣ ಇಳಿಯಿತು. ಮೂರು ವಾರದ ಪೂಜೆಗಳು, ಅಷ್ಟು ಜನರ ಪ್ರಸಾದ.

"ನಿಮ್ಮತ್ತೇರಿಗೆ ಕೊಟ್ಟುದ್ದೂ ಅದೇಯಾ?" ಎಂದು ಕೊನೆಗೆ ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು.

"ಹಂಗಾದ್ರೆ ಅದು ಬರೀ ರೊಟ್ಟಿ ಕಣವ್ವ," ಅಂದರು ಅವರು. ಸುಳ್ಳು ಹೇಳುವ ಮನುಷ್ಯರಲ್ಲ.

ಅದರ ಹಿಂದೆಯೇ ಇನ್ನೂ ಏನೇನೋ ಹೇಳಿದರು. ಬಯಸಿದವರ ಬಯಕೆಯನ್ನೇ ದೇವರು ಸ್ವೀಕರಿಸುತ್ತಾನೆ, ಓಸ್ತಿಯೊಂದರಿಂದಲೇ ಅವನು ಬರಬೇಕೆಂದಿಲ್ಲ, ನಿಮ್ಮತ್ತೆಗೆ ಸಿಗಬೇಕಾದದ್ದು ಸಿಕ್ಕಿರುತ್ತದೆ ಎಂದರು. ಪಾಪಕ್ಷಮೆಯನ್ನೂ ಕೊಟ್ಟರು. ಆ ಪೂಜೆಗಳನ್ನೆಲ್ಲ ಮತ್ತೆ ತಾವೇ ಮಾಡಿ ಮುಗಿಸಿದರು, ಊರಿಗೆ ಒಂದು ಮಾತು ತಿಳಿಯದ ಹಾಗೆ ನೋಡಿಕೊಂಡರು. ನನ್ನನ್ನೂ ಅವಳ ಕೈಗೇ ಹಿಂತಿರುಗಿಸಿ, ಇದು ನಿಮ್ಮ ಮನೆಯದು, ಇಟ್ಟುಕೊಳ್ಳಿ ಅಂದರು. ಆದರೆ ರೆಜಿನಮ್ಮನ ಕಿವಿ ಬರೀ ರೊಟ್ಟಿ ಎಂಬಲ್ಲಿಗೇ ಮುಚ್ಚಿಹೋಗಿತ್ತು.

ಮುಂದಿನ ಶನಿವಾರದಿಂದ ಓಸ್ತಿ ಕನ್ಯಾಮಠದಿಂದ ತಗಡಿನ ಡಬ್ಬಿಯಲ್ಲಿ ಬಂತು. ಒಂದೇ ಅಳತೆ, ನುಣ್ಣಗೆ, ಕುರಿಯೂ ಇಲ್ಲ ಮರಿಯೂ ಇಲ್ಲ. ಗುಂಡಗೆ ಕತ್ತರಿಸಿಯೇ ಬರುತ್ತಿದ್ದರಿಂದ ಅಂಚೂ ಇಲ್ಲ. ಮಕ್ಕಳು ನಾಲ್ಕು ಶನಿವಾರ ಬೇಲಿಯ ಮೇಲೆ ಕೂತು ನೋಡಿದವು, ಐದನೆಯ ಶನಿವಾರ ಬರಲಿಲ್ಲ. ನಾನು ಅಟ್ಟ ಸೇರಿದೆ.

ರೆಜಿನಮ್ಮ ಪ್ರತಿ ಭಾನುವಾರ ಪೂಜೆಗೆ ಹೋದಳು. ಪ್ರಸಾದದ ಹೊತ್ತಿಗೆ ಎಲ್ಲರೂ ಎದ್ದು ಮುಂದೆ ಹೋದರೆ ಅವಳು ಮಾತ್ರ ತನ್ನ ಜಾಗ ಬಿಟ್ಟು ಏಳಲಿಲ್ಲ. ಒಂದು ವಾರವಲ್ಲ, ಒಂದು ವರ್ಷವಲ್ಲ. ಹೆಂಗಸರು ಗುಸುಗುಸು ಅಂದರು. ಏನೋ ದೊಡ್ಡ ಪಾಪ ಇರಬೇಕು, ಸ್ವಾಮಿಗಳೇ ಕೊಡುವುದಿಲ್ಲವಂತೆ ಎಂದು ಹಬ್ಬಿಸಿದರು. ಇನ್ನಾಸಪ್ಪ ಸ್ವಾಮಿಗಳು ಎರಡು ಸಲ ಮನೆಗೇ ಬಂದು ಕೈಮುಗಿದು ಹೇಳಿದರು. ಗಂಡ ಹೇಳಿದ. ಅವಳು ಯಾರ ಮಾತನ್ನೂ ಕೇಳಲಿಲ್ಲ. ಯಾಗಪ್ಪ ಸತ್ತಾಗಲೂ, ಮಗನ ಮದುವೆಯ ಪೂಜೆಯಲ್ಲೂ ಅವಳು ಕೂತಲ್ಲಿಂದ ಏಳಲಿಲ್ಲ. ಲ್ಯಾಟಿನ್ ಭಾಷೆಯ ಪೂಜೆ ಹೋಗಿ ಕನ್ನಡದ ಪೂಜೆ ಬಂತು, ಪಾದ್ರಿಗಳು ಜನರ ಕಡೆ ಮುಖ ಮಾಡಿ ನಿಂತರು, ಚರ್ಚಿನ ಹೆಂಚು ತೆಗೆದು ತಾರಸಿ ಹಾಕಿದರು. ಕಮಾನುಗಳೂ, ಚೌರಪ್ಪನ ಬಾಗಿಲೂ, ಪ್ರಸಾದದ ಹೊತ್ತಿಗೆ ಕೂತೇ ಇರುವ ರೆಜಿನಮ್ಮನೂ ಮಾತ್ರ ಹಾಗೇ ಉಳಿದರು.

ಅವಳ ಸೊಸೆ ಸೆಲಿನಾ ಒಂದೇ ಒಂದು ಸಲ ಕಾರಣ ಕೇಳಿದ್ದಳು. ರೆಜಿನಮ್ಮ ಎಲ್ಲವನ್ನೂ ಹೇಳಿದಳು, ಅತ್ತೆಯಿಂದ ಕೇಳಿದ್ದ ಹೊಂಗೆ ಮರದ ಕೆಳಗಿನ ಹುಡುಗನಿಂದ ಹಿಡಿದು ಅತ್ತೆ ಕೈ ಹಿಡಿದ ತನಕ. ಅವಳಿಗೆ ಗೊತ್ತಿದ್ದಷ್ಟನ್ನು. ಜ್ವರದ ವರ್ಷದ ಅಕ್ಕಿ ಅವಳಿಗೆ ಗೊತ್ತಿರಲಿಲ್ಲವಲ್ಲ. ಅಟ್ಟದ ಮೇಲೆ ಮಲಗಿ ನಾನು ಕೇಳಿಸಿಕೊಂಡೆ.

ಎಂಬತ್ತೊಂದನೆಯ ವರ್ಷಕ್ಕೆ ರೆಜಿನಮ್ಮನೂ ಅದೇ ಕೋಣೆಯಲ್ಲಿ ಹಾಸಿಗೆ ಹಿಡಿದಳು. ಹೊಸ ಪಾದ್ರಿ, ಚಿಕ್ಕ ವಯಸ್ಸಿನವರು, ಸ್ಕೂಟರಿನಲ್ಲಿ ಬಂದರು. ಹಣೆಗೆ ತೈಲ ಹಚ್ಚಿ ಪ್ರಾರ್ಥನೆ ಮಾಡಿದರು. ಪ್ರಸಾದ ತೆಗೆದಾಗ ಮುದುಕಿ ತುಟಿ ಬಿಗಿದು ಗೋಡೆಯ ಕಡೆ ತಿರುಗಿದಳು.

"ನಮ್ಮತ್ತೆಗಿಲ್ದುದ್ದು ನಂಗ್ಯಾಕೆ ಸ್ವಾಮಿ?" ಅಂದಳು.

ಪಾದ್ರಿಗೆ ಏನೂ ಅರ್ಥವಾಗಲಿಲ್ಲ. ನಾಳೆ ಮತ್ತೆ ಬರುತ್ತೇನೆ ಎಂದು ಸೆಲಿನಾಗೆ ಹೇಳಿ ಹೋದರು. ನಾಳೆಯ ತನಕ ಉಳಿಯುವ ಜೀವ ಅದಲ್ಲವೆಂದು ಸೆಲಿನಾಗೆ ಕಾಣುತ್ತಿತ್ತು. ಅವಳು ಪಾದ್ರಿಯನ್ನು ಬಾಗಿಲ ತನಕ ಕಳಿಸಿ ಬಂದಳು. ಆಮೇಲೆ ಏಣಿ ಹಾಕಿ ಅಟ್ಟ ಹತ್ತಿದಳು.

ನಲವತ್ತೊಂದು ವರ್ಷದ ದೂಳು ನನ್ನ ಮೇಲಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿ, ಒಲೆ ಹೊತ್ತಿಸಿ, ತಲೆಗೆ ಸೆರಗು ಹೊದ್ದು ಕೂತಳು. ಈ ಮನೆಯಲ್ಲಿ ಸುಡುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ, ಕೇಳಿ ಗೊತ್ತಿತ್ತು ಅಷ್ಟೇ. ಅವಳು ಗೋಧಿ ಹಿಟ್ಟಿನ ಡಬ್ಬಿಗೆ ಕೈ ಹಾಕಿದಳು. ಈಗ ಗೋಧಿಗೇನು ಬರ? ರೇಷನ್ ಅಂಗಡಿಯಲ್ಲಿ ಮೂಟೆಗಟ್ಟಲೆ ಬರುತ್ತದೆ, ರಾತ್ರಿ ಎಲ್ಲರ ಮನೆಯಲ್ಲೂ ಚಪಾತಿ. ನನ್ನನ್ನು ತಿಕ್ಕಿದ ಸದ್ದಿಗೇ ಮುದುಕಿಗೆ ವಿಷಯ ತಿಳಿದಿತ್ತು, ಮುಚ್ಚಳದ ಸದ್ದು ಕೇಳಿ ಒಳಗಿನಿಂದ ಹೇ ಎಂದಳು.

"ಅದಲ್ಲ ಸೆಲಿನಾ. ಅಕ್ಕೀದು."

ಮೊದಲನೆಯ ಹಾಳೆ ಕರಿದಾಯಿತು. ಎರಡನೆಯದು ನನಗೇ ಅಂಟಿಕೊಂಡಿತು. ಮೂರನೆಯದಕ್ಕೆ ಅವಳು ನಮೋ ಮರಿಯಾವನ್ನು ನಿಧಾನವಾಗಿ, ಅಳುತ್ತ ಹೇಳಿದಳು. ಹಾಳೆ ಬಿಟ್ಟುಕೊಂಡು ಬಂತು. ಮೂರು ಕಾಲಿನ ಮರಿಯ ಭಾಗವನ್ನು ಒಂದು ಸಣ್ಣ ಮುಚ್ಚಳದ ಬಾಯಿಯಲ್ಲಿ ಗುಂಡಗೆ ಒತ್ತಿ ತೆಗೆದಳು. ಅದಕ್ಕೆ ಯಾವ ಮಂತ್ರವೂ ಆಗಿರಲಿಲ್ಲ, ಯಾವ ಪಾದ್ರಿಯೂ ಮುಟ್ಟಿರಲಿಲ್ಲ. ನನ್ನನ್ನು ಒಂದು ಕೈಯಲ್ಲಿ, ಅದನ್ನು ಒಂದು ಕೈಯಲ್ಲಿ ಹಿಡಿದು ಒಳಗೆ ಹೋದಳು.

"ಅತ್ತೆ, ಬರಿಬಾಯಲ್ಲಿ ಹೋಗ್ಬ್ಯಾಡಿ," ಅಂದಳು.

ರೆಜಿನಮ್ಮ ಬಾಯಿ ತೆರೆದಳು. ನಲವತ್ತೊಂದು ವರ್ಷಗಳ ಮೇಲೆ ಒಂದು ಕುಂಟುಮರಿ ಅವಳ ನಾಲಗೆಯ ಮೇಲೆ ಕೂತಿತು. ನಿಧಾನವಾಗಿ ನುಂಗಿದಳು. ಆಮೇಲೆ ಅವಳ ಕೈ ತಾನಾಗಿ ಮೇಲೆದ್ದು ಸೆಲಿನಾಳ ಮಣಿಕಟ್ಟನ್ನು ಹಿಡಿದುಕೊಂಡಿತು. ಗಟ್ಟಿಯಾಗಿ ಹಿಡಿದುಕೊಂಡಿತು. ಬಿಡಲು ಅವಳಿಗೆ ಮನಸ್ಸೇ ಬರಲಿಲ್ಲ.

ಹಾಗೆ ಹಿಡಿದವಳು ತನ್ನ ಕೈಯನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು. ಕಣ್ಣಲ್ಲಿ ನೀರು ತುಂಬಿ ಕಿವಿಯ ಕಡೆಗೆ ಇಳಿಯತೊಡಗಿತು.

"ಹಿಂಗೇ ಹಿಡ್ಕಂಡಿದ್ರು," ಅಂದಳು. "ನಮ್ಮತ್ತೆ ಹಿಂಗೇ ಹಿಡ್ಕಂಡಿದ್ರು ಕಣೇ. ಬೈದುದ್ದಲ್ಲ ಅದು."

ಸೆಲಿನಾ ಹೌದು ಅತ್ತೆ ಅಂದಳು. ಮುದುಕಿ ಮತ್ತೆ ಮಾತಾಡಲಿಲ್ಲ. ಸಂಜೆಯ ಗಂಟೆ ಹೊಡೆಯುವ ಮೊದಲೇ ಹೋದಳು. ಆ ಒಂದು ಹಿಡಿತ ಏನೆಂದು ತಿಳಿಯಲು ಅವಳಿಗೆ ನಲವತ್ತೊಂದು ವರ್ಷ ಬೇಕಾಯಿತು, ತಿಳಿದ ಮೇಲೆ ಬದುಕಲು ಸಿಕ್ಕಿದ್ದು ಅರ್ಧ ಮಧ್ಯಾಹ್ನ. ನನಗೆ ಇದನ್ನು ನೆನೆದರೆ ಈಗಲೂ ಒಳಗೊಳಗೇ ತುಕ್ಕು ಹಿಡಿದಂತಾಗುತ್ತದೆ.

ಈಗ ನಾನು ಚರ್ಚಿನ ಬಾಗಿಲ ಪಕ್ಕದಲ್ಲಿ ಗಾಜಿನ ಪೆಟ್ಟಿಗೆಯೊಳಗಿದ್ದೇನೆ. ನೂರಿಪ್ಪತ್ತೈದನೆಯ ವರ್ಷದ ಹಬ್ಬಕ್ಕೆ ಸಮಿತಿಯವರು ಹಳೆಯ ವಸ್ತುಗಳನ್ನೆಲ್ಲ ಕೂಡಿಹಾಕಿದರು. ಮೊರೆಲ್ ಸ್ವಾಮಿಗಳ ಕನ್ನಡಕ, ಗಾರೆಯವನ ಕರಣೆ, ನಾನು. ನನ್ನ ಮುಂದೆ ಒಂದು ಚೀಟಿ ಇದೆ. ಫ್ರೆಂಚ್ ಪಾದ್ರಿಗಳು ತಂದ ಓಸ್ತಿ ಇಕ್ಕಳ, ಇದರಲ್ಲಿ ಶುದ್ಧ ಗೋಧಿಯ ಹೊರತು ಬೇರೇನೂ ಬೆಂದಿಲ್ಲ ಎಂದು ದುಂಡಗಿನ ಅಕ್ಷರದಲ್ಲಿ ಬರೆದಿದ್ದಾರೆ. ಶಾಲೆಯ ಮಕ್ಕಳು ಬಂದು ಗಾಜಿಗೆ ಮೂಗೊತ್ತಿ ಓದುತ್ತಾರೆ. ಬಿಲ್ಲೆಗಳು ಮುಚ್ಚಿಕೊಂಡಿರುವುದರಿಂದ ಕುರಿಮರಿಗಳು ಅವರಿಗೆ ಕಾಣುವುದಿಲ್ಲ.

ಸಮಿತಿಯವರು ನನ್ನನ್ನು ಒಯ್ಯಲು ಬಂದ ದಿನ ಸೆಲಿನಾ ನನಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದಳು. ಅವರು ಹೊಸ್ತಿಲು ದಾಟುವಷ್ಟರಲ್ಲಿ ಒಂದು ನಿಮಿಷ ಇರಿ ಎಂದು ನನ್ನನ್ನು ಮತ್ತೆ ಇಸಿದುಕೊಂಡು ಒಳಗೆ ಹೋದಳು. ಅವಳ ಕೂದಲೂ ಆಗ ನರೆತಿತ್ತು. ಅಡುಗೆಮನೆಯಲ್ಲಿ ನನ್ನ ಬಾಯಿ ಬಿಡಿಸಿ ಒಂದು ಚಿಟಿಕೆ ಅಕ್ಕಿ ಒಳಗಿಟ್ಟು ಮುಚ್ಚಿದಳು. ಆ ಅಕ್ಕಿ ಈಗಲೂ ನನ್ನ ಬಾಯಲ್ಲಿದೆ.